ಎತ್ತು ಗುರುತು ಹಿಡಿದ ಮನುಷ್ಯ

ರೊಟ್ಟಿ ಮುರಿದರೆ ಮೊದಲ ತುಂಡನ್ನು ಎತ್ತಿಗೆ ಕೊಟ್ಟು, ಆಮೇಲೆ ತನ್ನ ಬಾಯಿಗಿಟ್ಟುಕೊಳ್ಳುವುದು ನಮ್ಮ ಕಡೆಯ ಒಕ್ಕಲು ಜನರಲ್ಲಿ ಕೆಲವರ ವಾಡಿಕೆ. ನೋಡುವುದಕ್ಕೆ ಚೆಂದವೇ, ಸ್ನೇಹಿತರೇ. ಆದರೆ ಆ ಅಕ್ಕರೆಯೇ ಒಬ್ಬನ ಕೊರಳಿಗೆ ಉರುಳಾದದ್ದನ್ನು ನಾನು ಮಸೂತಿಯೆಂಬ ನಮ್ಮೂರಿನಲ್ಲಿ, ನಮ್ಮ ಮನೆಯಂಗಳದಲ್ಲೇ ಕಂಡಿದ್ದೇನೆ.

ಜೀತ ರದ್ದಾಯಿತೆಂದು ರೇಡಿಯೋ ಸಾರುತ್ತಿದ್ದ ಕಾಲವದು. ಮುದ್ದೇಬಿಹಾಳದ ಕಡೆಗಿದ್ದ ಅವ್ವನ ತವರೂರಿನ ಗೌಡರ ಮನೆಯಲ್ಲೂ ರೇಡಿಯೋ ಇತ್ತು, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹಾಡುತ್ತಿತ್ತು. ಆ ಸುದ್ದಿಯೊಂದು ಮಾತ್ರ ಅವರ ಕಿವಿಗೆ ಬೀಳಲಿಲ್ಲ ನೋಡಿ! ಅಪ್ಪನ ಸಾಲಕ್ಕೆಂದು ಅಲ್ಲಿ ಎಳವೆಯಿಂದ ದುಡಿಯುತ್ತಿದ್ದ ಯಮನಪ್ಪ, ಬೆನ್ನ ತುಂಬ ಬಾಸುಂಡೆ ಹೊತ್ತು ಒಂದು ಬೆಳಿಗ್ಗೆ ನಮ್ಮ ಮನೆಗೆ ಓಡಿ ಬಂದ. ಅವನನ್ನು ಚಿಕ್ಕಂದಿನಿಂದ ಬಲ್ಲ ಅವ್ವ, ಹಿತ್ತಲಿನ ಜೋಳದ ಕಣಿಕೆ ಬಣವೆಯೊಳಗೆ ಅಡಗಿಸಿಟ್ಟಳು. ಸಂತೆಯ ಗದ್ದಲದಲ್ಲಿ ಬಾಗೇವಾಡಿಯಿಂದ ಬಸ್ಸು ಹತ್ತಿಸಿ, ಇಂಡಿಯಲ್ಲಿದ್ದ ನನ್ನ ಸೋದರಮಾವನ ನಿಂಬೆ ತೋಟಕ್ಕೆ ಸಾಗಿಸುವುದು ಅವಳ ಹಂಚಿಕೆ. ಸಿಕ್ಕಿಬಿದ್ದರೆ ಅವನ ಜೀವಕ್ಕಷ್ಟೇ ಅಲ್ಲ, ನಮ್ಮ ಅನ್ನಕ್ಕೂ ಸಂಚಕಾರ. ನಾವು ಪಾಲಿಗೆ ಮಾಡುತ್ತಿದ್ದ ಹೊಲ ಅದೇ ಗೌಡರ ಬೀಗರದು.

ಸಂತೆಯ ಹಿಂದಿನ ದಿನ ಮಧ್ಯಾಹ್ನ ಗೌಡರ ಮಗ ಬಂಡಿ ಹೂಡಿಕೊಂಡು ಬಂದ.

"ಯಮನ್ಯಾ ಈ ಕಡೆ ಬಂದಾನೇನಬೇ?"

"ಇಲ್ರಿ ಗೌಡ್ರ. ನಮಗ್ಯಾಕ ಬೇಕ್ರಿ ಆ ಉಸಾಬರಿ?" ಎಂದಳು ಅವ್ವ, ಹಿಟ್ಟು ನಾದುತ್ತಲೇ.

ಅವನು ನಂಬಿ ಬಂಡಿ ತಿರುಗಿಸಿದ. ಆದರೆ ಬಲಗಡೆಯ ಎತ್ತು, ಕರುವಾಗಿದ್ದಾಗಿನಿಂದ ಯಮನಪ್ಪನ ಕೈತುತ್ತು ತಿಂದು ಬೆಳೆದದ್ದು, ಹಿತ್ತಲಿನತ್ತ ಮೂಗೆತ್ತಿ ನಿಂತುಬಿಟ್ಟಿತು. ಹೊಡೆದರೂ ಹೆಜ್ಜೆ ಕೀಳಲಿಲ್ಲ. ಗೌಡರ ಮಗ ಕೆಳಗಿಳಿದು ಕೋಲಿನ ತುದಿಯ ಮೊಳೆಯಿಂದ ಅದರ ತೊಡೆಗೆ ಚುಚ್ಚತೊಡಗಿದ. ರಕ್ತ ಇಳಿಯಿತು, ಎತ್ತು ಒದರಿತು.

ಅಯ್ಯೋ, ಸುಮ್ಮನೆ ಕೂತಿರಬಾರದಿತ್ತೇ ಆ ಪುಣ್ಯಾತ್ಮ! ಓಡಿಹೋದವನಿಗೆ ಬೆನ್ನಟ್ಟುವವರ ಭಯವೆಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬಿಟ್ಟುಬಂದ ಮಮತೆಯೂ ಹುಡುಕಿಕೊಂಡು ಬರುತ್ತದೆಂಬುದು ನಮಗೆ ಹೊಳೆಯುವುದೇ ಇಲ್ಲ. ತನಗೆ ಬಿದ್ದ ಏಟುಗಳನ್ನೆಲ್ಲ ಹಲ್ಲುಕಚ್ಚಿ ನುಂಗಿದ್ದವನು ಆ ಒಂದು ಒದರನ್ನು ತಾಳಲಾರದೆ ಬಣವೆಯಿಂದ ಎದ್ದು ಬಂದ.

"ಅದಕ್ಕ ಚುಚ್ಚಬ್ಯಾಡ್ರಿ ಗೌಡ್ರ, ಬಂದೇನ್ರಿ. ನಾನ ಕದ್ದು ಹೊಕ್ಕಿದ್ನಿ, ಈ ತಾಯಿಗೆ ಏನೂ ಗೊತ್ತಿಲ್ರಿ."

ಗೌಡರ ಮಗ ಅವ್ವನ ಮುಖ ನೋಡಿದ. ಅವಳಿಗೆ ಬೇರೆ ದಾರಿಯಿರಲಿಲ್ಲ, ಯಮನಪ್ಪನ ಮೇಲೆ ಹರಿಹಾಯ್ದಳು.

"ಕಳ್ಳ ಖೋಡಿ! ನಮ್ಮ ಮನಿಗೆ ಬೆಂಕಿ ಹಚ್ಚಾಕ ಬಂದಿದ್ದೇನೋ?"

ಯಮನಪ್ಪ ತಲೆತಗ್ಗಿಸಿ ನೊಗಕ್ಕೆ ಕೈಹಚ್ಚಿದ. ಎತ್ತು ತಕರಾರಿಲ್ಲದೆ ಅವನ ಜೊತೆ ನಡೆಯಿತು. ಬಂಡಿ ಓಣಿ ದಾಟುವವರೆಗೂ ಅವ್ವ ಅವನನ್ನು ಬೈಯುತ್ತಲೇ ಇದ್ದಳು. ದಾಟಿದ ಮೇಲೂ ನಿಲ್ಲಿಸಲಿಲ್ಲ. ಒಲೆಯ ಮುಂದೆ ಕುಸಿದು ಕೂತು, ಅದೇ ಬೈಗುಳಗಳಿಂದ ತನ್ನನ್ನೇ ಬೈದುಕೊಳ್ಳತೊಡಗಿದಳು.