ಬಾಲರಾಜುವಿನ ಏನೂ ಇಲ್ಲದ ನೀರು

ಕನಕಪುರದ ಅಂಚಿನ ಆ ಬೀದಿಯಲ್ಲಿ ಬಾಲರಾಜುವಿನ ಮನೆ ಯಾವುದೆಂದು ಯಾರನ್ನೇ ಕೇಳಿ, "ಅಗೋ, ಆ ದೋಟಿ ವ್ಯಾನ್ ನಿಂತೈತಲ್ಲ, ಅದೇ" ಎಂದು ಕೈ ತೋರಿಸುತ್ತಾರೆ. ದೋಟಿ ಎಂಬ ಮಾತು ಕಿವಿಗೆ ಬಿದ್ದರೆ ಬಾಲರಾಜುವಿಗೆ ಮೈಯೆಲ್ಲ ಉರಿಯುತ್ತದೆ. ಅದು ಕಾಯಿ ಕೀಳುವ ದೋಟಿಯಲ್ಲ ಸ್ವಾಮಿ, ಕಾರ್ಬನ್ ಫೈಬರ್ ಪೋಲ್. ಒಂದರೊಳಗೊಂದು ಸೇರಿಕೊಂಡಿರುತ್ತದೆ, ಎಳೆದರೆ ನಾಲ್ಕನೇ ಮಹಡಿ ಮುಟ್ಟುತ್ತದೆ. ತುದಿಯಲ್ಲಿ ಬ್ರಷ್ಷು, ಉದ್ದಕ್ಕೂ ಪೈಪು, ಪೈಪಿನಲ್ಲಿ ವ್ಯಾನಿನ ಟ್ಯಾಂಕಿನಿಂದ ಬರುವ ನೀರು. ನೆಲದ ಮೇಲೆ ನಿಂತುಕೊಂಡೇ ಎತ್ತರದ ಗಾಜು ತೊಳೆಯಬಹುದು. ಇದನ್ನೆಲ್ಲ ಅವನು ಬೀದಿಯವರಿಗೆ ಬಾಯಿ ನೋಯುವಷ್ಟು ವಿವರಿಸಿದ್ದಾನೆ. ಎಲ್ಲವನ್ನೂ ತಲೆಯಾಡಿಸಿಕೊಂಡು ಕೇಳಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: "ಅಂಗಾರೆ ಇದ್ರಲ್ಲಿ ಎಳನೀರು ಕೀಳಾಕಾಗಲ್ವಾ?"

ಬಾಲರಾಜು ಪೋಲು ಹಿಡಿದದ್ದು ಹಗ್ಗ ಬಿಟ್ಟ ಮೇಲೆ. ಅದಕ್ಕೂ ಮುಂಚೆ ಅವನು ಗಂಗಯ್ಯನ ತಂಡದಲ್ಲಿದ್ದ. ಗಂಗಯ್ಯನೆಂದರೆ ದೊಡ್ಡ ದೊಡ್ಡ ಕಟ್ಟಡಗಳ ಮೇಲಿಂದ ಹಗ್ಗ ಇಳಿಬಿಟ್ಟು, ಹುಡುಗರ ಸೊಂಟಕ್ಕೆ ಬೆಲ್ಟು ಬಿಗಿದು, ಗಾಜು ಒರೆಸಲು ಇಳಿಸುವ ಮೇಸ್ತ್ರಿ. ಬಾಲರಾಜು ಆ ತಂಡದ ಹುಲಿ. ಆ ಹುಲಿಯನ್ನು ಬೆಕ್ಕು ಮಾಡಿದ್ದು ಹೆಜ್ಜೇನು. ರಾಮನಗರದ ಸುತ್ತ ಬಂಡೆಗಳಿಗೇನು ಬರವೇ? ಆದರೂ ಹಾಳಾದ ಹುಳಗಳಿಗೆ ಬಿಡದಿಯ ಒಂದು ಗಾಜಿನ ಕಟ್ಟಡವೇ ಬೇಕಾಗಿತ್ತು. ನಡುಮಧ್ಯೆ ನೇತಾಡುತ್ತಿದ್ದಾಗ ಎದ್ದವು. ಬಾಲರಾಜು ಸೋಪಿನ ನೀರಿನ ಬಕೆಟ್ಟನ್ನು ತಲೆಗೆ ಕವುಚಿಕೊಂಡು, "ಇಳಿಸ್ರಪ್ಪೋ" ಎಂದು ಒಳಗಿಂದಲೇ ಕೂಗಿದ. ಅದೇ ದಿನ ಹೆಂಡತಿ ಭಾನುಪ್ರಿಯ ಬಿಡದಿಯಲ್ಲಿ ನೆಂಟರ ಮನೆ ನಾಮಕರಣಕ್ಕೆ ಬಂದವಳು, ಗಂಡನ ಕೆಲಸವನ್ನೊಮ್ಮೆ ಕಣ್ತುಂಬ ನೋಡಿಕೊಂಡು ಹೋಗೋಣ ಎಂದು ಕೆಳಗೆ ಬಂದು ನಿಂತಿದ್ದಳು. ಇಳಿಸಿದಾಗ ಮುಖ ಊದಿ ಗುರುತೇ ಸಿಗಲಿಲ್ಲ. ಅಂಗಿ ನೋಡಿ ತನ್ನ ಗಂಡನೇ ಎಂದು ಒಪ್ಪಿಕೊಂಡಳು.

"ಇನ್ನೊಂದ್ಸಲ ಕಾಲು ನೆಲ ಬುಡ್ತೋ, ನಾನು ತವರಿಗೆ ಹೊಂಟೋಯ್ತೀನಿ" ಎಂದಳು.

ಅವಳ ತವರಿರುವುದು ಹಿಂದಿನ ಬೀದಿಯಲ್ಲಿ. ಮಾಳಿಗೆ ಹತ್ತಿದರೆ ಅಲ್ಲಿ ಒಣಹಾಕಿದ ಸೀರೆ ಕಾಣುತ್ತದೆ. ಆದರೂ ಬಾಲರಾಜು ಹೆದರಿದ, ಏಕೆಂದರೆ ಭಾನುಪ್ರಿಯ ಹೇಳಿದ್ದನ್ನು ಮಾಡುವವಳು. ಅಂದಿನಿಂದ ಅವಳು ಫೋನು ಮಾಡಿದರೆ ಊಟ ಆಯ್ತಾ ಎಂದು ಕೇಳುವುದಿಲ್ಲ, "ಕಾಲೆಲ್ಲವೆ?" ಎಂದು ಕೇಳುತ್ತಾಳೆ. "ನೆಲದ ಮೇಲವೆ" ಎಂದು ಉತ್ತರ ಬಂದರೆ ಮಿಕ್ಕ ಮಾತು.

ನಿಜ ಹೇಳಬೇಕೆಂದರೆ ಹೆಂಡತಿಗಿಂತ ಹೆಚ್ಚು ಹೆದರಿದ್ದವನು ಅವನೇ. ಅಂದಿನಿಂದ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ಅಂಗೈ ಬೆವರುತ್ತಿತ್ತು. ಇದನ್ನು ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹುಲಿಯೆನ್ನಿಸಿಕೊಂಡವನಿಗೆ ನಾಚಿಕೆಯಾಗುವುದಿಲ್ಲವೇ?

ಹಾಗಾಗಿ ವ್ಯಾನು ಬಂತು. ರಾಮನಗರದ ಶಾರುಖ್ ಎಂಬವನ ಹಳೆಯ ಓಮ್ನಿ. ಅದರ ಆಯುಸ್ಸೆಲ್ಲ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತೇ ಕಳೆದಿತ್ತು. "ವಾಸ್ನೆ ಎರಡು ದಿನದಾಗೆ ಹೋಗ್ತದೆ ಭಾಯ್" ಎಂದು ಶಾರುಖ್ ಮಾತು ಕೊಟ್ಟ. ಫಿನಾಯಿಲು ಸುರಿದದ್ದಾಯಿತು, ಊದುಬತ್ತಿ ಹಚ್ಚಿದ್ದಾಯಿತು. ಈಗ ವ್ಯಾನಿನಲ್ಲಿ ಮೂರೂ ವಾಸನೆ ಒಟ್ಟಿಗೆ ಬರುತ್ತದೆ. ಹಿಂದಿನ ಸೀಟು ಕಿತ್ತು ಟ್ಯಾಂಕು ಕೂರಿಸಿದ. ಮೊದಲ ದಿನ ಅದನ್ನು ಬಿಗಿಯದೆ ಓಡಿಸಿ, ಹಾರೋಹಳ್ಳಿಯ ರೋಡ್ ಹಂಪಿನಲ್ಲಿ ಬ್ರೇಕು ಹಾಕಿದಾಗ ಟ್ಯಾಂಕು ಬಂದು ಬೆನ್ನಿಗೆ ಗುದ್ದಿತು. ಆಮೇಲೆ ಕಬ್ಬಿಣದ ಫ್ರೇಮು ಮಾಡಿಸಿ ಬೋಲ್ಟು ಹಾಕಿದ. ಒಂದು ಪಂಪು, ಅದಕ್ಕೊಂದು ಬ್ಯಾಟರಿ, ಪೈಪು ಸುತ್ತುವ ರಾಟೆ, ಸಾಲಾಗಿ ನಿಂತ ಫಿಲ್ಟರುಗಳು. ಮನೆ ಬಾಗಿಲಲ್ಲಿ ಕೂತು ಒಂದೊಂದನ್ನೇ ಜೋಡಿಸುತ್ತಿದ್ದರೆ ಬೀದಿಯವರಿಗೆ ಹೊತ್ತು ಹೋಗುತ್ತಿದ್ದುದೇ ಗೊತ್ತಾಗುತ್ತಿರಲಿಲ್ಲ.

ಎಲ್ಲದಕ್ಕಿಂತ ಅವನು ಹೆಚ್ಚು ಬೀಗುತ್ತಿದ್ದುದು ನೀರಿನ ವಿಷಯಕ್ಕೆ. ಈ ಕೆಲಸದಲ್ಲಿ ಗಾಜು ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸುವುದಿಲ್ಲ, ನೀರು ತಾನಾಗಿ ಒಣಗಬೇಕು. ನಮ್ಮ ಕಡೆಯ ಬೋರಿನ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಅದರಲ್ಲಿ ಅಷ್ಟು ಉಪ್ಪು, ಸುಣ್ಣ. ಅದಕ್ಕೇ ಫಿಲ್ಟರು, ಅದರಲ್ಲಿ ಸೋಸಿದ ನೀರನ್ನೇ ಟ್ಯಾಂಕಿಗೆ ತುಂಬಬೇಕು. ಆ ನೀರಿಗೆ ಪೆನ್ನಿನಷ್ಟು ದೊಡ್ಡ ಮೀಟರು ಅದ್ದಿದರೆ ಸೊನ್ನೆ ತೋರಿಸಬೇಕು. ಬಾಲರಾಜು ಬಂದವರಿಗೆಲ್ಲ ಮೀಟರು ಅದ್ದಿ ತೋರಿಸುತ್ತಿದ್ದ.

"ನೋಡ್ರಪ್ಪಾ, ಸೊನ್ನೆ. ಉಪ್ಪಿಲ್ಲ, ಸುಣ್ಣ ಇಲ್ಲ. ಈ ನೀರಲ್ಲಿ ಏನಂದ್ರೆ ಏನೂ ಇಲ್ಲ!"

ಭಾನುಪ್ರಿಯ ಒಂದು ಚೊಂಬು ಕದ್ದು ತಲೆಗೆ ಹಾಕಿಕೊಂಡು ನೋಡಿ, ಕೂದಲು ಮೆತ್ತಗಾಗುತ್ತದೆ ಎಂದು ಒಪ್ಪಿದಳು. ಒಪ್ಪದವಳು ಅವನ ತಾಯಿ ಬೈರಮ್ಮ.

ಬೈರಮ್ಮನ ಮನೆಯಲ್ಲಿ ಇಲ್ಲ ಎಂಬ ಮಾತಿಗೆ ಜಾಗವಿಲ್ಲ. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಅಕ್ಕಿ ಮುಗಿದಿದ್ದರೆ ಅಕ್ಕಿ ಇಲ್ಲ ಎನ್ನಬಾರದು, ಹೆಚ್ಚೈತೆ ಎನ್ನಬೇಕು. ಲಕ್ಷ್ಮಿ ಕೇಳಿಸಿಕೊಂಡು, ಹೌದಾ, ಇಲ್ಲವಾ, ಹಾಗಾದರೆ ನಾನೂ ಬರುತ್ತೇನೆ ಎಂದು ಎದ್ದು ಹೊರಟರೆ? ಭಾನುಪ್ರಿಯ ಮದುವೆಯಾಗಿ ಬಂದ ಹೊಸದರಲ್ಲಿ "ಅತ್ತೆ, ಉಪ್ಪಿಲ್ಲ" ಎಂದದ್ದಕ್ಕೆ ಬೈರಮ್ಮ ವಾರವಿಡೀ ಮುಖ ಗಂಟಿಕ್ಕಿಕೊಂಡಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗ ಬೀದಿಯಲ್ಲಿ ನಿಂತು, ಉಪ್ಪಿಲ್ಲ, ಏನೂ ಇಲ್ಲ ಎಂದು ಡಂಗುರ ಹೊಡೆಯುತ್ತಿದ್ದಾನೆ!

"ಬುಡ್ತು ಅನ್ನೋ" ಎಂದಳು ಬೈರಮ್ಮ. "ಹೊಸ ಬದುಕು ಕಟ್ಕೊಳ್ಳೋ ಹೊತ್ನಲ್ಲಿ ಅದೇನ್ ಮಾತು ಅಂತ ಆಡ್ತೀಯ ಮಗಾ?"

"ಅವ್ವಾ, ನಿಂಗರ್ಥ ಆಗಲ್ಲ ಸುಮ್ನಿರು. ಇಲ್ದೆ ಇರೋದೇ ಇದ್ರ ಹೆಚ್ಚುಗಾರಿಕೆ."

ಬೈರಮ್ಮ ಸುಮ್ಮನಾದಳು. ಬೈರಮ್ಮ ಸುಮ್ಮನಾದಾಗಲೇ ಮನೆಯವರು ಎಚ್ಚರವಾಗಬೇಕು, ಆದರೆ ಬಾಲರಾಜುವಿಗೆ ಆಗ ಪೋಲಿನ ಧ್ಯಾನ.

ಮೊದಲ ಕೆಲಸ ಸಿಕ್ಕಿದ್ದು ಬಿಡದಿಯಲ್ಲೇ, ಒಂದು ಕಾರ್ಖಾನೆಯ ಆಫೀಸು ಕಟ್ಟಡ. ಅಲ್ಲಿಯ ಮೇಲ್ವಿಚಾರಕ ಮಧುಕುಮಾರ್ ಮಾಗಡಿ ಕಡೆಯವರು. ಕಡ್ಡಿ ಮುರಿದಂತೆ ಹೇಳಿದ್ದರು: "ಒಂದು ಪಕ್ಕ ತೊಳೆದು ತೋರಿಸಪ್ಪ. ಚೆನ್ನಾಗಿದ್ರೆ ಇಡೀ ಕಟ್ಟಡ ನಿಂದೇ, ತಿಂಗಳು ತಿಂಗಳೂ ಬಾ. ಆಗಲಿಲ್ವೋ, ಗಂಗಯ್ಯನ ಹಗ್ಗ ಹೇಗೂ ಇದೆ. ನೀನು ತೊಳೆದ ಮಾರನೇ ದಿನವೇ ಹೊರದೇಶದ ದೊಡ್ಡವರು ಬರ್ತಾರೆ, ಗಾಜು ಮಾತ್ರ ಪಳಪಳ ಅನ್ಬೇಕು."

ಬಾಲರಾಜುವಿಗೆ ಗೊತ್ತಿತ್ತು. ಇದು ಗೆದ್ದರೆ ಕಾಲು ನೆಲದ ಮೇಲೆ. ಸೋತರೆ ಮತ್ತೆ ಗಂಗಯ್ಯನ ಹಗ್ಗ, ಮತ್ತೆ ಆ ನಡುಮಧ್ಯೆ.

ಆ ಬೆಳಿಗ್ಗೆ ವ್ಯಾನಿಗೆ ಪೂಜೆಯಾಯಿತು. ಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಬೈರಮ್ಮ ವ್ಯಾನಿನ ಹಿಂಬಾಗಿಲು ಮುಚ್ಚಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಕಾಣುತ್ತಿತ್ತು. "ಹೋಗ್ಬಾ ಮಗಾ, ಎಲ್ಲಾ ಒಳ್ಳೇದಾಯ್ತದೆ" ಎಂದಳು.

ಬಿಡದಿಯಲ್ಲಿ ಗಂಗಯ್ಯ ಮೊದಲೇ ಬಂದು, ಹಗ್ಗ ಬೆಲ್ಟುಗಳನ್ನು ಗುಡ್ಡೆ ಹಾಕಿಕೊಂಡು ಬೀಡಿ ಸೇದುತ್ತ ಕೂತಿದ್ದ. "ಏನ್ಲಾ ಬಾಲ, ದೋಟಿ ತಂದ್ಯಾ? ನಿನ್ ಬೆಲ್ಟು ಅಂಗೇ ಮಡಗಿವ್ನಿ ಕಣ್ಲಾ, ಯಾರ್ಗೂ ಕೊಟ್ಟಿಲ್ಲ" ಎಂದ. ಅದರಲ್ಲಿ ಪ್ರೀತಿ ಎಷ್ಟು, ಕುಹಕ ಎಷ್ಟು ಎಂದು ಬಿಡಿಸುವುದು ಕಷ್ಟ.

ಬಾಲರಾಜು ಪೈಪು ಎಳೆದ, ಪೋಲು ಎತ್ತಿದ, ಪಂಪು ಹಾಕಿದ. ಬ್ರಷ್ಷಿನಿಂದ ನೀರು ಚಿಮ್ಮಿತು. ಸ್ವಲ್ಪ ಹೊತ್ತಿಗೆ ಪಂಪು ಗೊರಗೊರ ಎಂದು ನಿಂತಿತು. ಪಂಪಿನ ಬಾಯಿಗೆ ಹಾಕಿದ್ದ ಜಾಲರಿ ಬಿಚ್ಚಿ ನೋಡಿದರೆ ಒಂದು ಹರಿದ ವೀಳ್ಯದೆಲೆ. ಪೂಜೆಯ ತಟ್ಟೆಯಿಂದ ಗಾಳಿಗೆ ಹಾರಿ ಬಿದ್ದಿರಬೇಕು ಎಂದುಕೊಂಡು ಎಸೆದ. ಮುಚ್ಚಿದ ಟ್ಯಾಂಕಿಗೆ ಎಲೆ ಹೇಗೆ ಹಾರಿತು ಎಂದು ಯೋಚಿಸುವ ತಾಳ್ಮೆ ಆ ಹೊತ್ತಿನಲ್ಲಿ ಯಾರಿಗಿರುತ್ತದೆ? ಮತ್ತೆ ಪೋಲು ಎತ್ತಿ ಕೊನೆಯ ಮಹಡಿಯಿಂದ ಕೆಳಗಿನವರೆಗೂ ಉಜ್ಜಿದ. ಒದ್ದೆ ಗಾಜು ಬಿಸಿಲಿಗೆ ಝಗ್ಗೆಂದಿತು. ಮಧುಕುಮಾರ್ "ಪರವಾಗಿಲ್ಲ ಕಣಯ್ಯಾ" ಎಂದರು. ಗಂಗಯ್ಯನ ಬೀಡಿ ಆರಿತು. ಬಾಲರಾಜು ಸೊಂಟದ ಮೇಲೆ ಕೈಯಿಟ್ಟು ಜಂಬದಿಂದ ನಿಂತ.

ಆಮೇಲೆ ಗಾಜು ಒಣಗಿತು.

ಬೇಸಿಗೆಯಲ್ಲಿ ಬೆವರಿ ಒಣಗಿದ ಅಂಗಿಯ ಬೆನ್ನಿನ ಹಾಗೆ ಮೇಲಿಂದ ಕೆಳಗೆ ಬಿಳಿ ಗೆರೆಗಳು ಬಿದ್ದಿದ್ದವು. ಕಿಟಕಿಯ ಚೌಕಟ್ಟಿನ ಅಂಚಿಗೆ ಅರಿಶಿನದ ಬಣ್ಣವೂ ಹತ್ತಿತ್ತು. ಬಾಲರಾಜು ವ್ಯಾನಿಗೆ ಓಡಿದ. ಟ್ಯಾಂಕಿಗೆ ಮೀಟರು ಅದ್ದಿದ. ಸೊನ್ನೆಯಲ್ಲಿ ನಿಲ್ಲಬೇಕಾದದ್ದು ಸಾವಿರ ದಾಟಿ ಓಡಿತು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಮನೆಗೆ ಫೋನು ಮಾಡಿದ.

"ಅವ್ವಾ, ಟ್ಯಾಂಕಿಗೆ ಏನಾರ ಹಾಕ್ದಾ?"

"ವಿಷ ಏನೂ ಹಾಕಿಲ್ಲ ಕಣಪ್ಪಾ. ಹೊಸ ಮನೆಗೆ ಮೊದ್ಲು ಏನ್ ತಕ್ಕೊಂಡ್ ಓಯ್ತಾರೆ? ಉಪ್ಪು, ಅರಿಸಿನ. ಇನ್ಮೇಲೆ ಆ ವ್ಯಾನೇ ತಾನೆ ನಿನ್ ಅನ್ನ? ಅದ್ಕೇ ಹಾಕ್ದೆ. ಮೇಲೊಂದು ವೀಳ್ಯದೆಲೆ ಬುಟ್ಟೆ."

"ಎಷ್ಟು ಉಪ್ಪು ಹಾಕ್ದವ್ವಾ?"

"ಮನೆಗಾದ್ರೆ ಒಂದು ಹಿಡಿ ಸಾಕು. ಅದು ಅಷ್ಟು ದೊಡ್ಡ ಟ್ಯಾಂಕಲ್ವಾ, ಪಾಕೀಟೇ ಸುರ್ದೆ."

"ಅಯ್ಯೋ ನನ್ ಕರ್ಮವೇ! ಯಾಕವ್ವಾ? ಉಪ್ಪಿರಬಾರದು ಅಂತ ಬಡ್ಕೊಂಡ್ನಲ್ಲಾ!"

"ನೀನೆಲ್ಲಿ ಅಂಗಂದೆ? ಇಲ್ಲ ಇಲ್ಲ ಅಂದೆ" ಎಂದು ಬೈರಮ್ಮ ದನಿಯೇರಿಸಿದಳು. "ಹೆಚ್ಚೈತೆ ಅಂತ ಒಂದ್ ಮಾತು ಅಂದಿದ್ರೆ ನಾನ್ಯಾಕ್ ಅದ್ರ ತಂಟೆಗೆ ಬತ್ತಿದ್ದೆ? ಇಲ್ಲ ಅಂತ ಊರೆಲ್ಲಾ ಸಾರಿದ್ಯಲ್ಲ, ಆ ಮಾತು ನಿನ್ನ ಮೆಟ್ಟದೆ ಇರ್ಲಿ ಅಂತ ಹಾಕ್ದೆ. ನನ್ ಮಗ ಬರಿದಾಗ್ಬಾರ್ದು ಕಣಪ್ಪಾ." ಬಾಲರಾಜು ಬೈಯದೆ ಫೋನು ಇಟ್ಟ.

ಮಧುಕುಮಾರ್ ಗಾಜನ್ನೂ ಅವನನ್ನೂ ನೋಡಿದರು. "ಸಾಯಂಕಾಲದೊಳಗೆ ಇದು ಸರಿಯಾಗ್ಬೇಕು. ದೋಟಿಯಲ್ಲಾದ್ರೂ ಮಾಡು, ಹಗ್ಗದಲ್ಲಾದ್ರೂ ಮಾಡು, ನಂಗೆ ಬೇಕಿಲ್ಲ" ಎಂದು ಒಳಗೆ ಹೋದರು.

ಗಂಗಯ್ಯ ಎದ್ದು ಬಂದು ಬೆಲ್ಟು ಚಾಚಿದ. "ಹಾಕ್ಕೋ ಬಾರ್ಲಾ. ನಾವಿಬ್ರೂ ಇಳಿದ್ರೆ ಮಧ್ಯಾಹ್ನಕ್ಕೆ ಮುಗೀತದೆ."

ಬೇರೆ ದಾರಿ ಏನಿತ್ತು? ಬಾಲರಾಜು ಬಲಗಾಲನ್ನು ಬೆಲ್ಟಿನೊಳಗೆ ತೂರಿಸಿದ. ಅಂಗೈ ಬೆವರತೊಡಗಿತು. ತಲೆಯೆತ್ತಿ ಮೇಲೆ ನೋಡಿದ, ಕಿವಿಯಲ್ಲಿ ಜೇನಿನ ಸದ್ದು ಗುಂಯ್ ಎಂದಿತು. ಆಗ ಫೋನು ಬಂತು. ಅತ್ತೆ ಸೊಸೆಗೆ ಸುದ್ದಿ ಮುಟ್ಟಿಸಿದ್ದಳು.

"ಕಾಲೆಲ್ಲವೆ?" ಎಂದಳು ಭಾನುಪ್ರಿಯ.

ಸುಳ್ಳು ನಾಲಿಗೆಗೆ ಬರಲಿಲ್ಲ. "ಒಂದು ನೆಲದ ಮೇಲೈತೆ."

"ಇನ್ನೊಂದು?"

"ಬೆಲ್ಟಲ್ಲೈತೆ."

"ತೆಗೀರಿ ಈಚೆಗೆ. ನೀರು ಕೆಟ್ರೆ ಚೆಲ್ಲಿ ಬೇರೆ ನೀರು ಮಾಡ್ಕಳಿ. ಕಾಲು ಕೆಟ್ರೆ ಬೇರೆ ಕಾಲು ನಾನೆಲ್ಲಿಂದ ತರ್ಲಿ?"

ಬಾಲರಾಜು ಕಾಲು ಹೊರಗೆ ತೆಗೆದು ಬೆಲ್ಟನ್ನು ಗಂಗಯ್ಯನ ಕೈಗಿಟ್ಟ. ಇಷ್ಟು ದಿನ ನುಂಗಿಕೊಂಡಿದ್ದ ಮಾತು ತಾನಾಗಿ ಹೊರಬಂತು: "ಅಣ್ಣಾ, ನಂಗೆ ಆಗಲ್ಲ. ಭಯ ಆಯ್ತದೆ."

ಗಂಗಯ್ಯ ನಗುತ್ತಾನೆ ಎಂದುಕೊಂಡಿದ್ದ. ಗಂಗಯ್ಯ ಬೆಲ್ಟನ್ನು ಮಡಿಸುತ್ತ, ಅತ್ತಿತ್ತ ನೋಡಿ, "ನಂಗೂ ಆಯ್ತದೆ ಕಣ್ಲಾ. ಹುಡುಗ್ರ ಮುಂದೆ ಅನ್ಬೇಡ" ಎಂದ. ಆಮೇಲೆ ಟ್ಯಾಂಕಿನ ನಲ್ಲಿ ಬಿಚ್ಚಲು ತಾನೇ ಕೈ ಹಾಕಿದ.

ಉಪ್ಪುನೀರು ಮೋರಿಗೆ ಹೋಯಿತು. "ಹುಲ್ಲಿನ ಮೇಲೆ ಬಿಟ್ಟೀಯ, ಸುಟ್ಟುಹೋಗುತ್ತೆ!" ಎಂದು ಮಧುಕುಮಾರ್ ಕಿಟಕಿಯಿಂದ ಕೂಗಿದರು. ಟ್ಯಾಂಕು, ಪೈಪು ಎಲ್ಲ ತೊಳೆದು, ಕಾರ್ಖಾನೆಯ ನಲ್ಲಿಗೆ ಫಿಲ್ಟರು ಜೋಡಿಸಿದರು. ಫಿಲ್ಟರಿನ ನೀರು ಬರುವುದು ಬಲು ನಿಧಾನ. ಇಬ್ಬರೂ ವ್ಯಾನಿನ ಬಾಗಿಲಲ್ಲಿ ಕೂತು, ಒಲೆಯ ಮೇಲಿನ ಹಾಲು ಕಾಯುವವರಂತೆ ಅದನ್ನೇ ನೋಡುತ್ತಿದ್ದರು. ಮಧ್ಯೆ ಮಧ್ಯೆ ಬೈರಮ್ಮನ ಫೋನು. "ನೀರಿಗೆ ಬ್ಯಾಡಾಂದ್ರೆ ಬುಡು ಮಗಾ. ಉಪ್ಪು ಅರಿಸಿನ ಗಂಟು ಕಟ್ಟಿ ಮುಂದ್ಗಡೆ ನೇತಾಕ್ತೀನಿ, ಆಯ್ತಾ?" "ಆಯ್ತು ಕಣವ್ವಾ." "ನೀರಲ್ಲಿ ಉಪ್ಪು ಏನಾಗೈತೆ ಅಂತ ಹೇಳು ನೋಡಾನ?" ಬಾಲರಾಜು ಹಲ್ಲು ಕಚ್ಚಿಕೊಂಡು "ಹೆಚ್ಚೈತೆ ಕಣವ್ವಾ" ಎಂದ. "ಹಾಂ, ಅಂಗನ್ನು. ಬಂಗಾರದಂತ ಮಗ" ಎಂದಳು.

ಮೀಟರು ಸೊನ್ನೆಗೆ ಬರುವಷ್ಟರಲ್ಲಿ ಬಿಸಿಲು ಕಟ್ಟಡದ ಆ ಬದಿಗೆ ಹೊರಳಿತ್ತು. ಬಾಲರಾಜು ಮತ್ತೆ ಪೋಲು ಎತ್ತಿ ಮೇಲಿಂದ ಕೆಳಗೆ ನಿಧಾನವಾಗಿ ತೊಳೆದ. ತೊಳೆದು ಮುಗಿಸಿ, ಈ ಸಲ ಸೊಂಟದ ಮೇಲೆ ಕೈಯಿಡದೆ, ಗಾಜಿಗೆ ಬೆನ್ನು ಹಾಕಿ ನಿಂತ. ನೋಡಲು ಧೈರ್ಯವಿರಲಿಲ್ಲ.

ಮಧುಕುಮಾರ್ ಬಂದರು. ಹತ್ತಿರ ಹೋಗಿ ನೋಡಿದರು, ದೂರ ನಿಂತು ನೋಡಿದರು, ಬೆರಳಿನಿಂದ ಎಳೆದು ನೋಡಿದರು. "ಅಬ್ಬಾ, ಒಂದು ಕಲೆನೂ ಇಲ್ಲ!"

ಬಾಲರಾಜು ಗಾಬರಿಯಿಂದ ಸುತ್ತ ನೋಡಿದ, ಬೈರಮ್ಮ ಎಲ್ಲೋ ನಿಂತು ಕೇಳಿಸಿಕೊಂಡಾಳು ಎಂಬಂತೆ. "ಸಾರ್, ದಮ್ಮಯ್ಯ, ಆ ಮಾತು ಬ್ಯಾಡ. ಕಲೆ ಹೆಚ್ಚೈತೆ ಅನ್ನಿ."

"ಹೆಚ್ಚಿದೆಯಾ? ಎಲ್ಲಿ?" ಮಧುಕುಮಾರ್ ಬೆಚ್ಚಿ ಮತ್ತೆ ಗಾಜಿಗೆ ಮೂಗು ತಾಗಿಸಿದರು. ಆಮೇಲೆ ನಗು ಉಕ್ಕಿ ಅವರ ಭುಜ ಕುಲುಕತೊಡಗಿತು. ಮಾಗಡಿಯ ಮನೆಯಲ್ಲಿ ಅವರಿಗೂ ಇಲ್ಲ ಎನ್ನಗೊಡದ ಒಬ್ಬ ತಾಯಿ ಇದ್ದಳು. "ಆಯ್ತಪ್ಪಾ, ಹೆಚ್ಚಿದೆ. ಮಿಕ್ಕ ಮೂರು ಪಕ್ಕಾನೂ ಹೀಗೇ ಹೆಚ್ಚು ಮಾಡು. ಮುಂದಿನ ತಿಂಗಳೂ ಬಾ" ಎಂದು ಕಣ್ಣೊರೆಸಿಕೊಂಡು ಹೋದರು.

ಗಂಗಯ್ಯ ಪೋಲು ಮುಟ್ಟಿ ನೋಡುತ್ತ, "ಭಾರ ಐತೇನ್ಲಾ ದೋಟಿ?" ಎಂದು ಕೇಳಿದ. ಬಾಲರಾಜು ಅದನ್ನು ಅವನ ಕೈಗೆ ಕೊಟ್ಟ. ಅಷ್ಟರಲ್ಲಿ ಮತ್ತೆ ಫೋನು.

"ಕಾಲೆಲ್ಲವೆ?"

ಬಾಲರಾಜು ತಲೆ ಬಗ್ಗಿಸಿ ನೋಡಿಕೊಂಡ. ಚಪ್ಪಲಿ ಒದ್ದೆಯಾಗಿತ್ತು, ಬೆರಳ ಸಂದಿಯಲ್ಲೆಲ್ಲ ಕೆಸರು.

"ನೆಲದ ಮೇಲವೆ ಕಣೇ" ಎಂದ. "ಎರಡೂ. ಇನ್ಮೇಲೂ ಇಲ್ಲೇ ಇರ್ತವೆ."