ವಾಪಸ್ ಬಂದ ಪಾಪಮ್ಮ

ಗೌನಿಪಲ್ಲಿಯ ಮುನಿಯಲ್ಲಮ್ಮನಿಗೆ ಹೆತ್ತ ಮಕ್ಕಳಿಲ್ಲ, ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಆದರೂ ಎರಡು ವರ್ಷ ದಿನಾ ಸಂಜೆ, ಟಿವಿಯಲ್ಲಿ, ಇಡೀ ರಾಜ್ಯದ ಮುಂದೆ ಒಬ್ಬ ಮಗ ಅವಳನ್ನು ಅಮ್ಮಾ ಎಂದು ಕರೆದ.

ಶುರುವಾದದ್ದು ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ. ಧಾರಾವಾಹಿಯ ಶೂಟಿಂಗಿಗೆ ಬಂದ ಕ್ಯಾಮೆರಾದವನು ಹಿಂದೆ ಹಿಂದೆ ಸರಿಯುತ್ತಾ ಕಾಯಿ ರಾಶಿಯ ಮೇಲೆ ಕಾಲಿಟ್ಟ. ಅಲ್ಲೇ ಕಾಯಿ ಆರಿಸುತ್ತಿದ್ದ ಮುನಿಯಲ್ಲಮ್ಮ ಸುಮ್ಮನಿರುವ ಪೈಕಿಯೇ?

"ಲೇ ನಾಯ್ನಾ, ಕಣ್ಣು ಆ ಡಬ್ಬಿಯೊಳಗಿಟ್ಟು ನಡೆದ್ರೆ ಕಾಲ್ ಕೆಳಗಿರೋದು ನಿಮ್ಮಪ್ಪ ನೋಡ್ತಾನಾ?"

ನಿರ್ದೇಶಕ ಚಂದ್ರಮೋಹನ್ ಆ ತೆಲುಗು ಬೆರೆತ ಬೈಗುಳಕ್ಕೇ ಮರುಳಾದ. ಕಥೆಯಲ್ಲೇ ಇರದ ಸಾಕುತಾಯಿ ಪಾಪಮ್ಮ ಹುಟ್ಟಿದ್ದು, ಆ ಪಾತ್ರ ಮುನಿಯಲ್ಲಮ್ಮನಿಗೇ ಸಿಕ್ಕಿದ್ದು ಹೀಗೆ. ನಾಯಕನ ಪಾತ್ರದ ಚೈತನ್ಯ ಕ್ಯಾಮೆರಾ ನಿಂತ ಮೇಲೂ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದ. ಊಟಕ್ಕೆ ಕೂತರೆ ತನ್ನ ತಟ್ಟೆಯ ಕೋಳಿ ತುಂಡು ತೆಗೆದು ಅವಳ ತಟ್ಟೆಗೆ ಹಾಕುತ್ತಿದ್ದ. ಅವಳು ಸೋತದ್ದು ಅದಕ್ಕೇ.

ಆಮೇಲೆ ಕಥೆ ತಿರುಗಿತು, ಪಾಪಮ್ಮನನ್ನು ಹೊಳೆಗೆ ಬೀಳಿಸಿದರು.

"ಹೆಣ ತೋರ್ಸಿಲ್ಲ ಅಮ್ಮ, ಯಾವಾಗ ಬೇಕಾದ್ರೂ ವಾಪಸ್ ಕರೀತೀವಿ. ಮುಖ ಮಾತ್ರ ಹೀಗೇ ಇರ್ಲಿ," ಎಂದ ಚಂದ್ರಮೋಹನ್.

ಆ ಮಾತನ್ನು ಅವಳು ಸೆರಗಿಗೆ ಗಂಟು ಹಾಕಿಕೊಂಡಳು. ಕೋಲಾರದ ಡಾಕ್ಟರು ಬಿದ್ದ ಮುಂದಿನ ಹಲ್ಲು ಕಟ್ಟಿಸಿಕೋ ಎಂದರೆ ಬೇಡವೆಂದಳು. ಪಾಪಮ್ಮನಿಗೆ ಆ ಹಲ್ಲು ಇರಲಿಲ್ಲವಲ್ಲ. ಪಕ್ಕದ ಮನೆಯ ಶೋಭಾರಾಣಿ ನಕ್ಕಳು. ನಗಲಿ ಬಿಡಿ, ಒಂಟಿ ಮನೆಯಲ್ಲಿ ಕಾಯುವವಳ ಕಷ್ಟ ಅವಳಿಗೇನು ಗೊತ್ತು.

ಕೊನೆಗೂ ಚಂದ್ರಮೋಹನನ ಫೋನ್ ಬಂತು.

"ಪಾಪಮ್ಮ ವಾಪಸ್ ಬರ್ತಿದ್ದಾಳೆ. ಬಂಡೆಗೆ ಬಡಿದು ಮುಖ ಹೋಗಿ, ಆಪರೇಷನ್ ಆಗಿ ಬೇರೆ ಮುಖ ಬಂದಿದೆ ಅಂತ ಕಥೆ. ಹೆಸರಿರೋ ನಟಿ ಒಬ್ರು ಮಾಡ್ತಿದ್ದಾರೆ ಅಮ್ಮ. ಆದ್ರೆ ನಿಮ್ಮ ಮಾತು ಅವರಿಗೆ ಬರ್ತಿಲ್ಲ. ಧ್ವನಿ ನೀವು ಕೊಡ್ಬೇಕು."

ಮೈಯೆಲ್ಲ ಉರಿಯಿತು. ಆದರೂ ಬೆಳಗಿನ ಬಸ್ಸಿಗೇ ಹೊರಟಳು. ಮುಖ ಯಾರದ್ದಾದರೂ ಇರಲಿ, ಚೈತನ್ಯ ಅಮ್ಮಾ ಎಂದು ಕರೆದಾಗ ಓಗೊಡುವವಳು ತಾನೇ ಅಲ್ಲವೇ.

ಬೆಂಗಳೂರಿನ ಆ ಕಿಟಕಿಯಿಲ್ಲದ ಕೋಣೆಯಲ್ಲಿ ಚೈತನ್ಯ ಇರಲಿಲ್ಲ. ಅವನ ಡಬ್ಬಿಂಗ್ ಹಿಂದಿನ ದಿನವೇ ಮುಗಿದಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಅವಳೊಬ್ಬಳನ್ನೇ ಪರದೆಯ ಮುಂದೆ ನಿಲ್ಲಿಸಿದರು. ಪರದೆಯಲ್ಲಿ ಅವನು ಅಳುತ್ತಾ ಓಡಿಬಂದು ಆ ನಟಿಯ ಕೈ ಹಿಡಿದ.

"ಅಮ್ಮಾ..."

"ಏನ್ ನಾಯ್ನಾ, ಉಂಡ್ಯಾ?" ಎಂದುಬಿಟ್ಟಳು ಮುನಿಯಲ್ಲಮ್ಮ.

ಚಿತ್ರ ನಿಂತಿತು. ಗಾಜಿನಾಚೆಯಿಂದ ರೆಕಾರ್ಡಿಂಗಿನ ಮುನೇಶ್ ಮೆಲ್ಲಗೆ ಹೇಳಿದ: "ಆ ನಟಿ ಬಾಯಿ ತೆಗೆಯೋವರೆಗೂ ನೀವು ಮಾತಾಡಂಗಿಲ್ಲ ಅಮ್ಮ."

ಮತ್ತೆ ಹಾಕಿದರು. ಮಗ ಕರೆದ. ಮುನಿಯಲ್ಲಮ್ಮ ತುಟಿ ಕಚ್ಚಿಕೊಂಡು, ಇನ್ನೊಬ್ಬಳು ಬಾಯಿ ತೆರೆಯುವುದನ್ನು ಕಾಯುತ್ತಾ ನಿಂತಳು.