ಉಡಿಗೆ ಸುರಿದ ಜೋಳ

ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಇದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಮರ್ಜೆನ್ಸಿಯ ದಿನಗಳು. ಝಳಕಿ ಕಡೆಯ ಒಂದು ದವಾಖಾನೆಯಲ್ಲಿ ನಾನು ಆಯಾ. ಮಕ್ಕಳಾಗದ ಆಪರೇಷನ್ನಿಗೆ ಒಬ್ಬೊಬ್ಬರೂ ಒಂದು ಕೇಸು ತರಬೇಕು, ಇಲ್ಲವಾದರೆ ಕೆಲಸವಿಲ್ಲ ಎಂದರು. ಜೀಪಿನ ಸದ್ದು ಕೇಳಿದರೆ ಗಂಡಸರು ಜೋಳದ ಹೊಲ ಸೇರುತ್ತಿದ್ದರು. ಓಡದೆ ಉಳಿದವನು ನನ್ನ ತಮ್ಮ ಒಬ್ಬನೇ. ಅವನಿಗೆ ಇದ್ದದ್ದು ಒಂದೇ ಹೆಣ್ಣುಮಗು. ಒಂದೇ ಇದ್ದರೆ ಕೇಸು ಎಣಿಕೆಗೆ ಬರುತ್ತಿರಲಿಲ್ಲ, ಎರಡಿವೆ ಎಂದು ನಾನೇ ಬರೆಸಿದೆ.

"ಹೋರಿಗಿ ಬೀಜ ಒಡ್ದಂಗೇನಕ್ಕಾ?" ಎಂದು ನಕ್ಕ.

"ಏ ಹುಚ್ಚಪ್ಯಾಲಿ, ಇರುವಿ ಕಡದಂಗ ಅಷ್ಟ."

ನಗು ನಿಂತಿತು. "ಮುಪ್ಪಿನ್ಯಾಗ ನನಗ ಯಾರು?"

ನನಗೆ ಮೂವರು ಗಂಡುಮಕ್ಕಳು. ಮಠದಿಂದ ತಂದ ವಿಭೂತಿ ಮುಟ್ಟಿ ಹೇಳಿದೆ: "ನಿನಗ ಮಕ್ಕಳು ಕಡಿಮಿ ಬಿದ್ರ ನನ್ನ ಸಣ್ಣಾಂವನ್ನ ನಿನ್ನ ಹೆಂಡ್ತಿ ಉಡಿಯಾಗ ಹಾಕ್ತೇನಿ."

ನಮ್ಮಲ್ಲಿ ದತ್ತಕ ಕೊಡುವುದು ಹಾಗೆಯೇ. ಉಡಿಗೆ ಹಾಕಿದ ಕೂಸನ್ನು ಮರಳಿ ಕೇಳುವಂತಿಲ್ಲ. ತಮ್ಮ ನನ್ನ ಮಾತು ನಂಬಿ ಜೀಪು ಹತ್ತಿದ. ಮಕ್ಕಳು ಕಡಿಮೆಯಾಗಲಿ ಎಂದು ಹೇಳಲು ಆ ಜೀಪು ದಿನಾ ಬರುತ್ತಿತ್ತು. ಮಕ್ಕಳಿಲ್ಲದೆ ಮುಪ್ಪಾದವರನ್ನು ಯಾರು ನೋಡಬೇಕು ಎಂದು ಹೇಳಲು ಯಾರೂ ಬರಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ತಮ್ಮನ ಆ ಒಂದೇ ಹುಡುಗಿ ವಾಂತಿಭೇದಿಗೆ ತೀರಿಹೋಯಿತು. ಮಣ್ಣು ಮಾಡಿ ಬಂದ ತಮ್ಮ ನನ್ನ ಸಣ್ಣ ಮಗನ ಕೈ ಹಿಡಿದು ಕುಳಿತ. ಊಟಕ್ಕೆ ಕರೆದರೂ ಬಿಡಲಿಲ್ಲ. ಅಂದಿನಿಂದ ನನಗೆ ನಿದ್ದೆ ಹತ್ತಲಿಲ್ಲ.

ಹುಡುಗನನ್ನು ಕರೆದೊಯ್ಯಲು ಸೋಮವಾರ ಬರುತ್ತೇವೆ ಎಂದು ತಮ್ಮ, ಅವನ ಹೆಂಡತಿ ಹೇಳಿಕಳಿಸಿದರು. ರವಿವಾರವೇ ಮಗನನ್ನು ತಾಂಬಾದ ನಾದಿನಿಯ ಮನೆಗೆ ಸಾಗಿಸಿದೆ.

ಬಂದರು. ತಮ್ಮನ ಕೈಯಲ್ಲಿ ಹೊಸದೊಂದು ಸಣ್ಣ ಅಂಗಿ. ಅವನ ಹೆಂಡತಿ ನೀರೂ ಕುಡಿಯದೆ ಹೊಸ್ತಿಲ ಬಳಿ ಸೆರಗೊಡ್ಡಿ ನಿಂತಳು.

"ಹುಡುಗ ಊರಾಗಿಲ್ಲವ್ವಾ."

"ಯಾವಾಗ ಬರ್ತಾನ್ರಿ?"

ಅವಳು ಸೆರಗು ಮಡಚಲಿಲ್ಲ. ಒಡ್ಡಿದ ಉಡಿ ಬರಿದೇ ಹೋಗಬಾರದು ಎನ್ನುವುದು ನಮ್ಮ ರೂಢಿ. ಅದಕ್ಕೆ ಒಳಗೆ ಹೋಗಿ ಒಂದು ಮೊರ ಜೋಳ ತಂದು ಸುರಿದೆ.

ಸುರಿಯುವ ಸದ್ದು ನಿಂತಿತು. ತಮ್ಮ ಒಂದು ಕಾಳು ಎತ್ತಿ ನೋಡಿದ.

"ನಾಳೆ ಈ ಜ್ವಾಳ ಬಂದು ನಮಗ ಮಣ್ಣು ಕೊಡ್ತೈತೇನಕ್ಕಾ?"

ಅವಳು ಒಂದು ಕಾಳೂ ಚೆಲ್ಲದಂತೆ ಉಡಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡು ನಡೆದಳು. ಅಂಗಿ ಹೊಸ್ತಿಲ ಮೇಲೆ ಉಳಿಯಿತು. ಮಗ ತಾಂಬಾದಿಂದ ಮರಳಿದ ಮೇಲೂ ಅದನ್ನು ಅವನಿಗೆ ತೊಡಿಸುವ ಧೈರ್ಯ ನನಗಾಗಲಿಲ್ಲ, ಬಿಸಾಡುವ ಧೈರ್ಯವೂ.